ಪಿ.ಸಿ.ಒ.ಎಸ್. ಮತ್ತು ನಮ್ಮ ಮನೆಯ ಊಟ

ಹತ್ತೊಂಬತ್ತು ವರ್ಷದ ತರುಣಿಯೊಬ್ಬಳನ್ನು ಆಕೆಯ ತಾಯಿ ನಮ್ಮಲ್ಲಿಗೆ ಕರೆತಂದಿದ್ದರು. ಋತುಸ್ರಾವವಾಗಿ ಮೂರೂವರೆ ತಿಂಗಳು ಕಳೆದಿತ್ತು. ಗಲ್ಲದ ಮೇಲೆ ರೋಮ, ಕುತ್ತಿಗೆಯ ಹಿಂದೆ ಕಪ್ಪುಛಾಯೆ. ಪಿ.ಸಿ.ಒ.ಎಸ್. ಎಂದು ತಿಳಿದಂದಿನಿಂದ ಆಕೆ ಬೆಳಗಿನ ಉಪಾಹಾರವನ್ನು ತ್ಯಜಿಸಿದ್ದಳು. ಮಧ್ಯಾಹ್ನ ಒಂದೇ ಚಪಾತಿ. ಸಂಜೆ ಹಸಿವು ತಾಳದೆ ಚಹಾ, ಬಿಸ್ಕತ್ತು, ಚುರುಮುರಿ. ತೂಕ ಇಳಿದಿರಲಿಲ್ಲ. "ಇವಳಿಗೆ ಮಕ್ಕಳಾಗುವವೇ?" ಎಂದು ತಾಯಿ ಕೇಳಿದ್ದು ಮಗಳ ಎದುರಿನಲ್ಲಿಯೇ.

ಈ ವ್ಯಾಧಿಯುಳ್ಳ ಬಹುಪಾಲು ಸ್ತ್ರೀಯರು ತಾಯಂದಿರಾಗುತ್ತಾರೆ. ಕೆಲವರಿಗೆ ಔಷಧದ ನೆರವು ಬೇಕಾದೀತು, ಅಷ್ಟೆ. 1935ರಲ್ಲಿ ಚಿಕಾಗೋದ ಸ್ಟೈನ್ ಮತ್ತು ಲೆವೆಂಥಾಲ್ ಎಂಬ ವೈದ್ಯರು ಇದನ್ನು ವರ್ಣಿಸಿದರು. ಸ್ಕ್ಯಾನ್‌ನಲ್ಲಿ ಕಾಣುವ ಗುಳ್ಳೆಗಳು ಗಡ್ಡೆಗಳಲ್ಲ. ಪೂರ್ಣ ಬೆಳೆಯದೆ ನಿಂತ ಅಂಡಪುಟಗಳು. ಅನೇಕರಲ್ಲಿ ಇನ್ಸುಲಿನ್‌ಗೆ ದೇಹವು ಸರಿಯಾಗಿ ಸ್ಪಂದಿಸದು. ಆಗ ರಕ್ತದಲ್ಲಿ ಇನ್ಸುಲಿನ್ ಏರಿ, ಅಂಡಾಶಯವು ಪುರುಷ ಹಾರ್ಮೋನನ್ನು ಅಧಿಕವಾಗಿ ಸ್ರವಿಸುತ್ತದೆ. ಕೃಶಕಾಯದವರಿಗೂ ಇದು ಬರುವುದುಂಟು.

ಪ್ರಾಚೀನ ಗ್ರಂಥಗಳಲ್ಲಿ ಈ ಹೆಸರಿನ ವ್ಯಾಧಿಯಿಲ್ಲ. ಆದರೆ ಸ್ಥೂಲಕಾಯದವರ ಆಹಾರವು ಗುರುವೂ ಅಪತರ್ಪಣವೂ ಆಗಿರಬೇಕೆಂದು ಚರಕರು ವಿಧಿಸಿದ್ದಾರೆ: ನಿಧಾನವಾಗಿ ಜೀರ್ಣವಾಗಬೇಕು, ಕೊಬ್ಬನ್ನು ಬೆಳೆಸಬಾರದು. ವೃತ್ತಿಯ ಆರಂಭದಲ್ಲಿ ನಾವೂ "ಊಟ ಕಡಿಮೆ ಮಾಡು" ಎಂದಷ್ಟೇ ಹೇಳಿ ಕಳುಹಿಸುತ್ತಿದ್ದೆವು. ಅದು ತಪ್ಪು. ಹಸಿದವಳು ಸಂಜೆ ಸಕ್ಕರೆಗೇ ಕೈಚಾಚುತ್ತಾಳೆ.

ನಮ್ಮ ಸೀಮೆಯ ಜೋಳದ ರೊಟ್ಟಿ ಇಂತಹ ಆಹಾರವೇ. ಜೊತೆಗೆ ಮಡಿಕೆ ಅಥವಾ ಹೆಸರುಕಾಳಿನ ಪಲ್ಯ, ಸೊಪ್ಪು, ಹಸಿ ಸೌತೆ, ಒಂದು ಚಮಚ ಅಗಸಿ ಚಟ್ನಿ, ಮಜ್ಜಿಗೆ. ಆರ್ತವವು ನಿಂತಾಗ ಸುಶ್ರುತರು ಹೇಳುವ ಹುರುಳಿ, ಎಳ್ಳು, ಉದ್ದು ನಮ್ಮ ಅಡುಗೆಮನೆಯವೇ. ಪಿತ್ತಪ್ರಕೃತಿಯವರು ಹುರುಳಿಯನ್ನು ಮಿತವಾಗಿ ಬಳಸಲಿ. ರೊಟ್ಟಿಯ ಮೇಲೆ ಮತ್ತೆ ಬಟ್ಟಲು ತುಂಬ ಬಿಳಿ ಅನ್ನ ಬೇಡ. ಹಣ್ಣನ್ನು ತಿನ್ನಬೇಕು, ರಸ ಹಿಂಡಿ ಕುಡಿಯಬಾರದು. ಬೆಲ್ಲ ನಿರಪಾಯವೆಂಬ ನಂಬಿಕೆ ನಮ್ಮ ಭಕ್ತರಲ್ಲಿ ಬಲವಾಗಿದೆ. ಇನ್ಸುಲಿನ್‌ನ ಮಟ್ಟಿಗೆ ಅದೂ ಸಕ್ಕರೆಯೇ. ಜಾತ್ರೆಯ ಹುಗ್ಗಿಯನ್ನು ಬೇಡವೆನ್ನೆವು. ಎರಡನೆಯ ಸಲ ಬಡಿಸಿಕೊಳ್ಳಬಾರದು.

ವಾರಕ್ಕೆ 150 ನಿಮಿಷಗಳ ಬಿರುಸಿನ ನಡಿಗೆ ಅವಶ್ಯ. ಸ್ಥೂಲಕಾಯರ ತೂಕದಲ್ಲಿ ನೂರಕ್ಕೆ 5ರಷ್ಟು ಇಳಿದರೂ ಅನೇಕರ ಋತುಚಕ್ರ ಸುಧಾರಿಸುತ್ತದೆ. ಮೂರು ತಿಂಗಳಾದರೂ ಮುಟ್ಟಾಗದಿದ್ದರೆ ಸ್ತ್ರೀರೋಗತಜ್ಞರನ್ನು ಕಾಣಲೇಬೇಕು. ಹಾಗೆಯೇ ಬಿಟ್ಟರೆ ಗರ್ಭಾಶಯದ ಒಳಪದರ ದಪ್ಪಗೊಂಡು ಮುಂದೆ ಅಪಾಯವಾದೀತು. ಮೆಟ್‌ಫಾರ್ಮಿನ್ ಸೇವಿಸುವವರು ಅದನ್ನು ತಾವಾಗಿ ನಿಲ್ಲಿಸಬಾರದು. ಅದು ಬಿ12 ಜೀವಸತ್ವವನ್ನು ತಗ್ಗಿಸಬಲ್ಲದು; ಶಾಕಾಹಾರಿಗಳಾದ ನಮ್ಮಲ್ಲಿ ಅದು ಮೊದಲೇ ಕಡಿಮೆ. ಆದ್ದರಿಂದ ರಕ್ತಪರೀಕ್ಷೆ ಮಾಡಿಸಬೇಕು.

ಆ ತರುಣಿಯನ್ನೂ ತಜ್ಞರಲ್ಲಿಗೆ ಕಳುಹಿಸಿದೆವು. ಈಗ ಆಕೆ ಬೆಳಿಗ್ಗೆ ರೊಟ್ಟಿ ತಿಂದೇ ಕಾಲೇಜಿಗೆ ಹೋಗುತ್ತಾಳೆ. ಚಕ್ರ ಇನ್ನೂ ಪೂರ್ಣ ಸರಿಹೋಗಿಲ್ಲ. ನಲವತ್ತು ದಿನಗಳಿಗೊಮ್ಮೆ ಬರುತ್ತಿದೆ.