ಮೂಳೆಯ ಮೌನ ಸವೆತ

ಮನೆಯ ಗೋಡೆ ಬಿರುಕುಬಿಟ್ಟರೆ ಕೂಡಲೇ ಗೌಂಡಿಯನ್ನು ಕರೆಸುತ್ತೇವೆ. ದೇಹದ ಕಂಬಗಳಾದ ಮೂಳೆಗಳು ಒಳಗೊಳಗೇ ಟೊಳ್ಳಾಗುತ್ತಿದ್ದರೂ ಅದು ನಮ್ಮ ಅರಿವಿಗೆ ಬರುವುದಿಲ್ಲ. ನಮ್ಮ ಹಿರಿಯ ಅಕ್ಕನವರು ಕೆಲವು ವರ್ಷಗಳಿಂದ ಬೆನ್ನುನೋವೆಂದು ಹೇಳುತ್ತಲೇ ಇದ್ದರು. ಅವರ ನಿಲುವೂ ಕುಗ್ಗಿತ್ತು. ‘ವಯೋಧರ್ಮ’ವೆಂದು ನಾವು ಅದನ್ನು ತಳ್ಳಿಹಾಕಿದೆವು. ಒಂದು ದಿನ ಅವರು ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಬಳಿ ಮೂಳೆ ಮುರಿಯಿತು. ಶಾಸ್ತ್ರಗ್ರಂಥಗಳನ್ನು ಓದಿದ ನಾವು ಒಡಹುಟ್ಟಿದವರ ಬಾಗಿದ ಬೆನ್ನನ್ನು ಓದಲಾರದೆ ಹೋದೆವು.

ಮೂಳೆಯು ಜಡವಸ್ತುವಲ್ಲ. ಹಳೆಯದನ್ನು ಕರಗಿಸುವ ಮತ್ತು ಹೊಸದನ್ನು ಕಟ್ಟುವ ಜೀವಕೋಶಗಳು ಅದರಲ್ಲಿ ನಿರಂತರ ದುಡಿಯುತ್ತವೆ. ಸುಮಾರು 30ರ ವಯಸ್ಸಿನವರೆಗೆ ಕಟ್ಟುವ ಕಾರ್ಯ ಮೇಲುಗೈಯಾಗಿದ್ದು, ಕ್ರಮೇಣ ಸವೆತವು ಹೆಚ್ಚುತ್ತದೆ. ಮುಟ್ಟು ನಿಂತ ಸ್ತ್ರೀಯರಲ್ಲಿ ಈಸ್ಟ್ರೋಜನ್ ರಸ ಕುಂದುವುದರಿಂದ ಸವೆತವು ತೀವ್ರವಾಗುತ್ತದೆ. ಪುರುಷರೂ ಇದಕ್ಕೆ ಹೊರತಲ್ಲ. ದೀರ್ಘಕಾಲದ ಸ್ಟಿರಾಯ್ಡ್ ಸೇವನೆ, ಧೂಮಪಾನ, ಮದ್ಯಪಾನಗಳು ಕೇಡನ್ನು ಹೆಚ್ಚಿಸುತ್ತವೆ. ಮಣಿಕಟ್ಟು, ಬೆನ್ನೆಲುಬು, ಸೊಂಟ ಇವೇ ಮುಖ್ಯವಾಗಿ ಮುರಿಯುವ ತಾಣಗಳು.

ಡೆಕ್ಸಾ ಎಂಬ ನೋವಿಲ್ಲದ ಪರೀಕ್ಷೆಯಿಂದ ಅಸ್ಥಿಸಾಂದ್ರತೆಯನ್ನು ಅಳೆಯಬಹುದು. ಅದರ ‘ಟಿ’ ಅಂಕವು ಮೈನಸ್ 2.5 ಅಥವಾ ಅದಕ್ಕೂ ಕೆಳಗಿದ್ದರೆ ಆಸ್ಟಿಯೋಪೊರೋಸಿಸ್ ಎಂದು ನಿರ್ಣಯಿಸುತ್ತಾರೆ. ಚಿಕಿತ್ಸೆ ವೈದ್ಯರ ಕೆಲಸ. ಅದನ್ನು ತಪ್ಪದೆ ಪಾಲಿಸುವುದು ನಮ್ಮದು. ವಾರಕ್ಕೊಮ್ಮೆ ಕೊಡುವ ಅಲೆಂಡ್ರೊನೇಟ್ ಗುಳಿಗೆಯನ್ನು ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ತುಂಬಿದ ಲೋಟ ನೀರಿನೊಡನೆ ನುಂಗಿ, ಅರ್ಧ ಗಂಟೆಯಾದರೂ ಮಲಗದೆ, ಏನನ್ನೂ ತಿನ್ನದೆ ಇರಬೇಕು.

ವಯಸ್ಕರಿಗೆ ದಿನಕ್ಕೆ 1000 ಮಿಲಿಗ್ರಾಂ, ಮುಟ್ಟು ನಿಂತ ಸ್ತ್ರೀಯರಿಗೆ 1200 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು 2020ರಲ್ಲಿ ಸೂಚಿಸಿದೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಉಂಟು. ಹಾಲು, ಮೊಸರು, ಎಳ್ಳು, ನುಗ್ಗೆಸೊಪ್ಪುಗಳೂ ಉಪಕಾರಿಗಳು. ಕ್ಯಾಲ್ಸಿಯಂ ಮೈಗೂಡಲು ‘ಡಿ’ ಜೀವಸತ್ವ ಬೇಕು. ಅದಕ್ಕೆ ಬಿಸಿಲು ಬೇಕು. ನಡಿಗೆ, ಮೆಟ್ಟಿಲೇರುವಿಕೆಗಳಿಂದ ಭಾರ ಹೊತ್ತ ಮೂಳೆಯು ಬಲವನ್ನು ಉಳಿಸಿಕೊಳ್ಳುತ್ತದೆ.

ಬೀಳದಂತೆ ನೋಡಿಕೊಳ್ಳುವುದೂ ಚಿಕಿತ್ಸೆಯೇ. ಬಚ್ಚಲಿನ ಪಾಚಿಯನ್ನು ತೊಳೆಯಿರಿ, ಗೋಡೆಗೆ ಹಿಡಿಕೆ ಹಾಕಿಸಿರಿ, ಇರುಳು ಒಂದು ಸಣ್ಣ ದೀಪ ಉರಿಯಲಿ.

ಅಕ್ಕನವರು ಈಗ ಕೋಲೂರಿ ಅಂಗಳದವರೆಗೆ ಬರುತ್ತಾರೆ. ಓದುಗರಲ್ಲಿ ನಮ್ಮ ಬಿನ್ನಹವಿಷ್ಟೆ: ಮನೆಯ ಹಿರಿಯರು ಬೆನ್ನುನೋವೆಂದಾಗ ವಯಸ್ಸನ್ನು ಎಣಿಸಬೇಡಿರಿ, ವೈದ್ಯರಲ್ಲಿಗೆ ಕರೆದೊಯ್ಯಿರಿ.