ಎನ್‌ಐಸಿಯು ಕಂದನ ಪ್ಲೇಟ್‌ಲೆಟ್: ಸಂಖ್ಯೆಗಿಂತ ಮೊದಲು ಕಾರಣ ಕೇಳಿ

ಮಳೆಗಾಲ ಬಂದರೆ ಡೆಂಗಿ, ಡೆಂಗಿ ಬಂದರೆ ಪ್ಲೇಟ್‌ಲೆಟ್ ಲೆಕ್ಕ. "ಎಷ್ಟಿದೆ? 50 ಸಾವಿರಕ್ಕಿಂತ ಕೆಳಗೆ ಹೋಯ್ತಾ?" ಅನ್ನೋ ಪ್ರಶ್ನೆ ನಮಗೆಲ್ಲ ಬಾಯಿಪಾಠ. ಅದೇ ಪದ ಎನ್‌ಐಸಿಯುನಲ್ಲಿರುವ ಎರಡು ದಿನದ ಕೂಸಿನ ರಿಪೋರ್ಟ್‌ನಲ್ಲಿ ಕಂಡರೆ ಎದೆ ಧಸಕ್ ಅನ್ನುತ್ತೆ. ಆದರೆ ಡೆಂಗಿಯಿಂದ ಕಲಿತ ಲೆಕ್ಕ ಅಲ್ಲಿ ಅಷ್ಟಾಗಿ ಉಪಯೋಗಕ್ಕೆ ಬರಲ್ಲ.

ಗಾಯವಾದಾಗ ರಕ್ತ ನಿಲ್ಲಿಸೋಕೆ ಮೊದಲು ಓಡಿಬರುವ ಪುಟ್ಟ ಕಣಗಳೇ ಪ್ಲೇಟ್‌ಲೆಟ್. ಒಂದು ಮೈಕ್ರೋಲೀಟರ್ ರಕ್ತದಲ್ಲಿ ಇವು ಸಾಮಾನ್ಯವಾಗಿ 1.5 ಲಕ್ಷದಿಂದ 4.5 ಲಕ್ಷ ಇರುತ್ತವೆ. ನವಜಾತ ಶಿಶುಗಳಲ್ಲೂ 1.5 ಲಕ್ಷಕ್ಕಿಂತ ಕಡಿಮೆಯಾದರೆ ಕೊರತೆ, 50 ಸಾವಿರಕ್ಕಿಂತ ಕಡಿಮೆಯಾದರೆ ತೀವ್ರ ಕೊರತೆ ಅಂತಾರೆ. ಎನ್‌ಐಸಿಯು ಸೇರುವ ಮಕ್ಕಳಲ್ಲಿ ಸುಮಾರು ನಾಲ್ಕರಲ್ಲಿ ಒಂದಕ್ಕೆ ಈ ಕೊರತೆ ಕಾಣುತ್ತೆ.

ಸಂಖ್ಯೆ ನಿಜವೇ?

ನಮ್ಮ ಐಟಿ ಕೆಲಸದಲ್ಲಿ ಅಲರ್ಟ್ ಬಂದರೆ, ತೊಂದರೆ ನಿಜವಾಗಿಯೂ ಇದೆಯಾ ಅಂತ ಮೊದಲು ನೋಡ್ತೀವಿ. ಇಲ್ಲೂ ಹಾಗೇ. ಹಿಮ್ಮಡಿ ಚುಚ್ಚಿ ತೆಗೆದ ರಕ್ತ ಸ್ವಲ್ಪ ಹೆಪ್ಪುಗಟ್ಟಿದರೂ ಮೆಷಿನ್ ಕಡಿಮೆ ಎಣಿಸುತ್ತೆ. ಅದಕ್ಕೇ ವೈದ್ಯರು ಮತ್ತೊಂದು ಸ್ಯಾಂಪಲ್ ಕೇಳ್ತಾರೆ, ರಕ್ತವನ್ನು ಗಾಜಿನ ಮೇಲೆ ಸವರಿ ಮೈಕ್ರೋಸ್ಕೋಪ್‌ನಲ್ಲಿ ನೋಡಿಸ್ತಾರೆ.

ಯಾವಾಗ ಇಳಿಯಿತು?

ಹುಟ್ಟಿದ ಮೊದಲ 72 ಗಂಟೆಯೊಳಗೆ ಇಳಿದರೆ ಕಾರಣ ಹೆಚ್ಚಾಗಿ ಗರ್ಭದಲ್ಲೇ ಇರುತ್ತೆ: ತಾಯಿಗೆ ಬಿಪಿ, ಮಾಸುಚೀಲದಿಂದ ಸಾಕಷ್ಟು ಪೋಷಣೆ ಸಿಗದೇ ಇರೋದು, ಮಗುವಿನ ಬೆಳವಣಿಗೆ ಕುಂಠಿತವಾಗಿರೋದು. ಇಂಥ ಕೊರತೆ ಬಹುತೇಕ ಸೌಮ್ಯ, ಹತ್ತು ದಿನದಲ್ಲಿ ತಾನಾಗಿಯೇ ಸರಿಹೋಗುತ್ತೆ. 72 ಗಂಟೆ ಕಳೆದ ಮೇಲೆ ದಿಢೀರ್ ಕುಸಿದರೆ ರಕ್ತದ ಸೋಂಕು ಅಥವಾ ಕರುಳಿನ ಉರಿಯೂತದ ಅನುಮಾನ ಬರುತ್ತೆ. ಆಗ ಮುಖ್ಯ ಚಿಕಿತ್ಸೆ ಆ ಕಾಯಿಲೆಗೇ.

ತಿಂಗಳು ತುಂಬಿ ಹುಟ್ಟಿದ, ಬೇರೆಲ್ಲ ಚೆನ್ನಾಗಿರುವ ಮಗುವಿನಲ್ಲಿ 50 ಸಾವಿರಕ್ಕಿಂತ ಕಡಿಮೆ ಇದ್ದರೆ ಇನ್ನೊಂದು ಸಾಧ್ಯತೆಯಿದೆ. ತಂದೆಯಿಂದ ಬಂದ ಪ್ಲೇಟ್‌ಲೆಟ್ ಗುಣವನ್ನು ತಾಯಿಯ ದೇಹ ಪರಕೀಯ ಅಂದುಕೊಂಡು ಪ್ರತಿಕಾಯ ತಯಾರಿಸಿರಬಹುದು. ಇದು ಚೊಚ್ಚಲ ಮಗುವಿಗೂ ಆಗಬಹುದು. ಮಿದುಳಿನಲ್ಲಿ ರಕ್ತಸ್ರಾವದ ಅಪಾಯ ಇರೋದರಿಂದ ನೆತ್ತಿಯ ಮೂಲಕ ತಲೆಯ ಸ್ಕ್ಯಾನ್ ಮಾಡ್ತಾರೆ. ಮುಂದಿನ ಬಸಿರಿನಲ್ಲಿ ಈ ವಿಷಯವನ್ನು ಮೊದಲ ಭೇಟಿಯಲ್ಲೇ ವೈದ್ಯರಿಗೆ ಹೇಳಲೇಬೇಕು.

"ಡಾಕ್ಟ್ರೇ, ಪ್ಲೇಟ್‌ಲೆಟ್ ಯಾಕೆ ಕೊಡ್ತಿಲ್ಲ?"

ಹೆತ್ತವರು ಕೇಳುವ ಸಹಜ ಪ್ರಶ್ನೆ ಇದು. ಉತ್ತರ 2019ರಲ್ಲಿ ಪ್ರಕಟವಾದ 'ಪ್ಲಾನೆಟ್-2' ಅಧ್ಯಯನದಲ್ಲಿದೆ. ಬ್ರಿಟನ್, ಐರ್ಲೆಂಡ್, ನೆದರ್‌ಲೆಂಡ್ಸ್‌ನಲ್ಲಿ 34 ವಾರ ತುಂಬುವ ಮೊದಲೇ ಹುಟ್ಟಿದ, ತೀವ್ರ ಕೊರತೆಯಿದ್ದ 660 ಶಿಶುಗಳನ್ನು ಎರಡು ಗುಂಪು ಮಾಡಿದರು. ಒಂದು ಗುಂಪಿಗೆ 50 ಸಾವಿರಕ್ಕಿಂತ ಇಳಿದಾಗ ಪ್ಲೇಟ್‌ಲೆಟ್ ಕೊಟ್ಟರು, ಇನ್ನೊಂದಕ್ಕೆ 25 ಸಾವಿರಕ್ಕಿಂತ ಇಳಿದಾಗ ಮಾತ್ರ. 28 ದಿನದೊಳಗೆ ಸಾವು ಅಥವಾ ದೊಡ್ಡ ರಕ್ತಸ್ರಾವ ಮೊದಲ ಗುಂಪಿನಲ್ಲಿ 26%, ಎರಡನೆಯದರಲ್ಲಿ 19%. ಅಂದರೆ ಬೇಗ ಕೊಟ್ಟವರಲ್ಲೇ ಹಾನಿ ಹೆಚ್ಚು! ಹಾಗಾಗಿ ರಕ್ತಸ್ರಾವ ಇಲ್ಲದ ಇಂಥ ಮಗುವಿಗೆ ವೈದ್ಯರು ಕಾದು ನೋಡಿದರೆ ಅದು ನಿರ್ಲಕ್ಷ್ಯ ಅಲ್ಲ. ರಕ್ತ ಸೋರುತ್ತಿದ್ದರೆ, ಸರ್ಜರಿ ಇದ್ದರೆ, ಅಥವಾ ತಾಯಿಯ ಪ್ರತಿಕಾಯ ಕಾರಣವಾಗಿದ್ದರೆ ಲೆಕ್ಕವೇ ಬೇರೆ.

ನಾವೇನು ಮಾಡಬಹುದು?

ಅಜ್ಜಿ ಪ್ರೀತಿಯಿಂದ ತಂದರೂ ಪಪ್ಪಾಯ ಎಲೆ ರಸ ಕೂಸಿನ ಬಾಯಿಗೆ ಬೇಡ. ವೈದ್ಯರನ್ನು ಮೂರು ಮಾತು ಕೇಳಿ: ಕಾರಣ ಏನಿರಬಹುದು? ಎಲ್ಲಾದರೂ ರಕ್ತಸ್ರಾವ ಇದೆಯಾ? ಮುಂದಿನ ಟೆಸ್ಟ್ ಯಾವಾಗ?

ಉಳಿದವರಿಗೆ ಒಂದು ಕೆಲಸ ಇದೆ. ಒಂದು ಕೆಜಿ ತೂಕದ ಮಗುವಿಗೆ ಒಂದು ಸಲಕ್ಕೆ ಬೇಕಾಗೋದು 10ರಿಂದ 15 ಎಂ.ಎಲ್. ಪ್ಲೇಟ್‌ಲೆಟ್ ಅಷ್ಟೇ. ಆದರೆ ಬ್ಲಡ್ ಬ್ಯಾಂಕ್‌ನಲ್ಲಿ ಅದು ಸಾಮಾನ್ಯವಾಗಿ ಐದೇ ದಿನ ಬಾಳುತ್ತೆ, ಕೂಡಿಡೋಕೆ ಆಗಲ್ಲ. 'ಅರ್ಜೆಂಟ್' ಮೆಸೇಜ್ ಬಂದಾಗ ಫಾರ್ವರ್ಡ್ ಮಾಡೋದಕ್ಕಿಂತ, ಬರುವ ಮೊದಲೇ ಆಗಾಗ ಹೋಗಿ ರಕ್ತ ಕೊಟ್ಟು ಬರೋದು ಆ ಕಂದನಿಗೆ ಹೆಚ್ಚು ಉಪಯೋಗ.