ಹೊಸ ಬೂಟು ಕಾಲನ್ನು ಕಚ್ಚುವುದು ಹೇಗೆ?

ಎನ್‌ಸಿಸಿಯಲ್ಲಿ ಭೂಸೇನೆ, ನೌಕಾಸೇನೆ, ವಾಯುಸೇನೆ ಎಂದು ಮೂರು ವಿಭಾಗಗಳಿವೆ. ಮೂರಕ್ಕೂ ಸಮವಸ್ತ್ರದ ಬಣ್ಣ ಬೇರೆ, ಬ್ಯಾಡ್ಜು ಬೇರೆ. ಆದರೆ ಹೊಸ ಬೂಟಿನ ಕಾಟ ಮಾತ್ರ ಎಲ್ಲ ಕೆಡೆಟ್‌ಗಳಿಗೂ ಒಂದೇ. ಎರಡು ದಿನ ಪೆರೇಡ್ ಮಾಡಿದರೆ ಸಾಕು, ಹಿಮ್ಮಡಿಯಲ್ಲಿ ನೀರುಗುಳ್ಳೆ ಏಳುತ್ತದೆ. "ಬೂಟು ಕಚ್ಚಿದೆ, ಸಹಿಸಿಕೋ, ತಾನೇ ಸರಿಹೋಗುತ್ತದೆ" ಎಂಬ ಸಲಹೆಯೂ ಹಿಂದೆಯೇ ಬರುತ್ತದೆ.

ಗಟ್ಟಿ ಚರ್ಮದ ಬೂಟು ಉಪ್ಪುಕಾಗದದಂತೆ ಕಾಲಿನ ಚರ್ಮವನ್ನು ಹೊರಗಿನಿಂದ ಉಜ್ಜುತ್ತದೆ, ಅದರಿಂದಲೇ ಗುಳ್ಳೆ ಏಳುತ್ತದೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ನಿಜವಾಗಿ ಪೆಟ್ಟು ಬೀಳುವುದು ಚರ್ಮದ ಒಳಗೆ.

ಒಂದು ಪುಟ್ಟ ಪ್ರಯೋಗ ಮಾಡಿ. ಬೆರಳನ್ನು ಮುಂಗೈ ಮೇಲೆ ಒತ್ತಿ ಹಿಡಿದು, ಜಾರದಂತೆ ಹಿಂದೆ ಮುಂದೆ ಆಡಿಸಿ. ಚರ್ಮ ಬೆರಳಿನ ಜೊತೆ ಚಲಿಸುತ್ತದೆ, ಕೆಳಗಿನ ಮೂಳೆ ಇದ್ದಲ್ಲೇ ಇರುತ್ತದೆ. ಬೂಟಿನೊಳಗೆ ಆಗುವುದು ಇದರ ತಿರುವುಮುರುವು. ಚರ್ಮ ಕಾಲುಚೀಲಕ್ಕೆ ಅಂಟಿಕೊಂಡು ನಿಂತಿರುತ್ತದೆ, ಒಳಗಿನ ಮೂಳೆ ಪ್ರತಿ ಹೆಜ್ಜೆಗೂ ಚಲಿಸುತ್ತದೆ. ನಡುವಿನ ಪದರಗಳು ಸಾವಿರಾರು ಬಾರಿ ಎಳೆದಾಡಲ್ಪಟ್ಟು ಕೊನೆಗೆ ಬಿಟ್ಟುಕೊಳ್ಳುತ್ತವೆ. ಆ ಸಂದಿನಲ್ಲಿ ದ್ರವ ತುಂಬಿದಾಗ ಅದೇ ಗುಳ್ಳೆ.

ಚರ್ಮವನ್ನು ಕಾಲುಚೀಲಕ್ಕೆ ಹೀಗೆ ಅಂಟಿಸುವುದು ಬೆವರು. ಒಣ ಚರ್ಮಕ್ಕಿಂತ ತೇವದ ಚರ್ಮದಲ್ಲಿ ಘರ್ಷಣೆ ಹೆಚ್ಚು. ಬೆವರು ಹೀರಿ ಒದ್ದೆಯಾಗಿಯೇ ಉಳಿಯುವ ಹತ್ತಿಯ ಕಾಲುಚೀಲ ಇದಕ್ಕೆ ಇನ್ನಷ್ಟು ನೆರವಾಗುತ್ತದೆ.

ಅಮೆರಿಕದ ವೆಸ್ಟ್ ಪಾಯಿಂಟ್ ಸೇನಾ ಅಕಾಡೆಮಿಯ ಕೆಡೆಟ್‌ಗಳ ಮೇಲೆ ನಡೆದ ಅಧ್ಯಯನವೊಂದು 1998ರಲ್ಲಿ ಪ್ರಕಟವಾಯಿತು. ಪಾದಕ್ಕೆ ಬೆವರು ತಡೆಯುವ ಔಷಧ ಹಚ್ಚಿಕೊಂಡವರು 21 ಕಿಲೋಮೀಟರ್ ನಡೆದಾಗ ಅವರಲ್ಲಿ ಶೇ. 21ರಷ್ಟು ಮಂದಿಗೆ ಗುಳ್ಳೆ ಎದ್ದಿತು. ಹಚ್ಚಿಕೊಳ್ಳದವರಲ್ಲಿ ಈ ಪ್ರಮಾಣ ಶೇ. 48. ಹಾಗೆಂದು ಆ ಔಷಧ ಹುಡುಕಿಕೊಂಡು ಹೋಗಬೇಡಿ: ಹಚ್ಚಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಚರ್ಮದ ಉರಿ, ತುರಿಕೆ ಕಾಣಿಸಿಕೊಂಡಿತ್ತು.

ಸುಲಭದ ದಾರಿಗಳು ಬೇರೆ ಇವೆ. ಶಿಬಿರಕ್ಕೆ ಹೊರಡುವ ಒಂದೆರಡು ವಾರ ಮೊದಲೇ ಹೊಸ ಬೂಟನ್ನು ಮನೆಯಲ್ಲಿ ದಿನಕ್ಕೆ ಒಂದು ಗಂಟೆ ಹಾಕಿಕೊಂಡು ಓಡಾಡಿ, ಆಮೇಲೆ ಸಮಯ ಹೆಚ್ಚಿಸಿ. ಸಂಜೆಯ ಹೊತ್ತಿಗೆ ಪಾದ ತುಸು ಊದಿರುತ್ತದೆ, ಆದ್ದರಿಂದ ಅಳತೆ ನೋಡಲು ಅದೇ ಸರಿಯಾದ ಸಮಯ. "ಒಂದು ಸೈಜ್ ದೊಡ್ಡದಿರಲಿ" ಎನ್ನುವುದೂ ತಪ್ಪು. ಸಡಿಲ ಬೂಟಿನಲ್ಲಿ ಹಿಮ್ಮಡಿ ಮೇಲೆ ಕೆಳಗೆ ಆಡುತ್ತದೆ. ತೆಳುವಾದ ಪಾಲಿಯೆಸ್ಟರ್ ಕಾಲುಚೀಲದ ಮೇಲೆ ದಪ್ಪನೆಯ ಇನ್ನೊಂದನ್ನು ಹಾಕಿಕೊಂಡರೆ ಜಾರಾಟ ಎರಡು ಬಟ್ಟೆಗಳ ನಡುವೆಯೇ ನಡೆಯುತ್ತದೆ. ಕಾಲಿಗೆ ಎಣ್ಣೆ ಸವರಿಕೊಂಡರೆ ಮೊದಲಿಗೆ ಹಾಯೆನಿಸಬಹುದು. ಆದರೆ ಕೆಲವು ಗಂಟೆ ಕಳೆದಂತೆ ಘರ್ಷಣೆ ಮತ್ತೆ ಏರುತ್ತದೆ.

ನಡೆಯುವಾಗ ಒಂದು ಜಾಗ ಬಿಸಿಯಾಗಿ ಉರಿಯತೊಡಗಿದರೆ ಅದು ಮುನ್ಸೂಚನೆ. ಆಗಲೇ ಬೂಟು ಬಿಚ್ಚಿ, ಕಾಲು ಒರೆಸಿ, ಅಲ್ಲಿಗೆ ಟೇಪ್ ಅಂಟಿಸಿ.

ಗುಳ್ಳೆ ಎದ್ದ ಮೇಲೆ? ಒಡೆಯಬೇಡಿ. ಮೇಲಿನ ಪೊರೆಯೇ ಅತ್ಯುತ್ತಮ ಬ್ಯಾಂಡೇಜು. ಸುಮಾರು 5 ದಿನಗಳಲ್ಲಿ ಅದರ ಕೆಳಗೆ ಹೊಸ ಹೊರಚರ್ಮ ಬೆಳೆಯುತ್ತದೆ. ಗುಳ್ಳೆ ದೊಡ್ಡದಾಗಿ ತೀರಾ ನೋಯುತ್ತಿದ್ದರೆ ಶಿಬಿರದ ವೈದ್ಯರಿಗೆ ತೋರಿಸಿ.

ಇಷ್ಟು ಸಣ್ಣದಕ್ಕೆ ವೈದ್ಯರೇ ಎನ್ನಬೇಡಿ. 1924ರಲ್ಲಿ ಅಮೆರಿಕದ ಅಧ್ಯಕ್ಷ ಕ್ಯಾಲ್ವಿನ್ ಕೂಲಿಜ್ ಅವರ 16 ವರ್ಷದ ಮಗ ಕಾಲುಚೀಲವಿಲ್ಲದೆ ಟೆನಿಸ್ ಆಡಿ, ಕಾಲ್ಬೆರಳಿನ ಮೇಲೆ ಗುಳ್ಳೆ ಮಾಡಿಕೊಂಡ. ಅದಕ್ಕೆ ಸೋಂಕು ತಗುಲಿ, ರಕ್ತಕ್ಕೆ ಹರಡಿ, ಆತ ತೀರಿಕೊಂಡ. ಆಗಿನ್ನೂ ಪೆನಿಸಿಲಿನ್ ಬಂದಿರಲಿಲ್ಲ. ಇಂದು ಔಷಧವಿದೆ, ಆದರೆ ಅದು ಕೆಲಸ ಮಾಡಬೇಕಾದರೆ ಸಮಯಕ್ಕೆ ಸರಿಯಾಗಿ ಹೇಳಿಕೊಳ್ಳಬೇಕು. ಗುಳ್ಳೆಯ ಸುತ್ತ ಕೆಂಪು ಹರಡಿದರೆ, ಕೀವು ಕಂಡರೆ, ಜ್ವರ ಬಂದರೆ ಪೆರೇಡ್ ತಪ್ಪೀತೆಂದು ಮುಚ್ಚಿಡಬೇಡಿ. ಮಧುಮೇಹ ಇರುವವರಂತೂ ಕಾಲಿನ ಯಾವ ಗುಳ್ಳೆಯನ್ನೂ ಕಡೆಗಣಿಸಬಾರದು.